ಕರಾರಿಗೆ ರುಜು ಹಾಕುವ ಮುನ್ನ

1799ನೆಯ ಇಸವಿಯ ಮೇ 4ರಂದು ಕೋಟೆ ಬಿದ್ದು, ಟಿಪ್ಪು ಸುಲ್ತಾನನ ರಾಜ್ಯವು ಗೆದ್ದವರೊಳಗೆ ಹಂಚಿಕೆಯಾದಾಗ, ಮೈಸೂರಿನ ಸಿಂಹಾಸನವನ್ನು ಒಡೆಯರ ವಂಶಕ್ಕೆ ಮರಳಿಸಿದ ಇಂಗ್ಲಿಷ್ ಕುಂಪಣಿಯು ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ತನ್ನ ಸ್ವಾಮ್ಯದಲ್ಲಿಯೇ ಉಳಿಸಿಕೊಂಡಿತೆಂಬುದೂ, ಆಮೇಲೆ ಅದೇ ದ್ವೀಪವನ್ನು ಮೈಸೂರು ಸಂಸ್ಥಾನಕ್ಕೆ ವರ್ಷಕ್ಕೆ 50,000 ರೂಪಾಯಿಗಳ ಗುತ್ತಿಗೆಗೆ ಕೊಟ್ಟಿತ್ತೆಂಬುದೂ ನಮ್ಮಲ್ಲಿ ಬಹುಮಂದಿಗೆ ಮರೆತುಹೋಗಿರುವ ಸಂಗತಿ. ತಲೆತಲಾಂತರದಿಂದ ಆಳಿದ ರಾಜಧಾನಿಯಲ್ಲಿಯೇ ಒಂದು ಸಂಸ್ಥಾನವು ಹೀಗೆ ಬಾಡಿಗೆದಾರನ ನೆಲೆಯಲ್ಲಿ ನಿಲ್ಲಬೇಕಾಯಿತು. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಹಿಂದಿರುಗಿದಾಗ, ಬೆಂಗಳೂರಿನ ದಂಡಿನ ಪ್ರದೇಶವನ್ನು ಬ್ರಿಟಿಷರಿಗೆ ಒಪ್ಪಿಸಿ, ಅದಕ್ಕೆ ವಿನಿಮಯವಾಗಿ ಈ ದ್ವೀಪವನ್ನು ಪಡೆದುಕೊಂಡಲ್ಲಿಗೆ ಆ ಗುತ್ತಿಗೆಯ ಕಥೆ ಮುಗಿಯಿತು. ಅಧಿಕಾರಬಲದಲ್ಲಿ ಅಷ್ಟೊಂದು ಅಂತರವಿದ್ದ ಇಬ್ಬರ ನಡುವಣ ಆ ವ್ಯವಹಾರದಲ್ಲಿಯೂ ಒಡೆತನ ಯಾರದು, ಹಣವೆಷ್ಟು, ಎಂಬ ಎರಡು ಮಾತುಗಳಾದರೂ ನಿಸ್ಸಂದಿಗ್ಧವಾಗಿದ್ದುವು. ಅದೇ ಶ್ರೀರಂಗಪಟ್ಟಣದಲ್ಲಿ ಈಗ ಎರಡು ಕೋಣೆಯ ಮನೆಯೊಂದನ್ನು ಹಿಡಿಯುವ ವಿದ್ಯಾವಂತ ಗೃಹಸ್ಥನು, ಈ ಎರಡನ್ನೂ ಸರಿಯಾಗಿ ವಿಚಾರಿಸದೆಯೇ, ಛಾಪಾ ಕಾಗದದ ಕೆಳಗೆ ತನ್ನ ಹೆಸರನ್ನು ಗೀಚಿ ಬರುತ್ತಾನೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಡಿಗೆಯ ಅಗತ್ಯ ಇತ್ತೀಚೆಗೆ ಬಹಳ ವೃದ್ಧಿಯಾಗಿದೆ. ಮೈಸೂರಿನಲ್ಲಿ ಉದ್ಯೋಗ ಮಾಡುತ್ತ ಶ್ರೀರಂಗಪಟ್ಟಣದಲ್ಲಿಯೋ ಗಂಜಾಮಿನಲ್ಲಿಯೋ ಸಂಸಾರ ಹೂಡಿರುವವರುಂಟು, ಪಾಂಡವಪುರವು ಉಪವಿಭಾಗದ ಕೇಂದ್ರವಾದ ಕಾರಣ ವರ್ಗವಾಗಿ ಬರುವ ನೌಕರರೂ ಉಪಾಧ್ಯಾಯರೂ ಅಲ್ಲಿ ಸದಾ ಮನೆ ಹುಡುಕುತ್ತಿರುತ್ತಾರೆ, ಕೆ.ಆರ್. ಪೇಟೆಯ ಪೇಟೆಬೀದಿಯಲ್ಲಿ ಮಳಿಗೆಗೆ ಬೇಡಿಕೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಸುತ್ತಮುತ್ತ, ಆದಿಚುಂಚನಗಿರಿಯ ವೈದ್ಯಕೀಯ ವಿದ್ಯಾಸಂಸ್ಥೆಯಿಂದಾಗಿ, ವಿದ್ಯಾರ್ಥಿಗಳೂ ದಾದಿಯರೂ ರೂಮುಗಳಿಗಾಗಿ ಅಲೆಯುತ್ತಾರೆ. ಇವರೆಲ್ಲರಿಗೂ ಕರಾರುಪತ್ರ ದೊರೆಯುವ ಸ್ಥಳ ಒಂದೇ: ಕೋರ್ಟಿನ ಇಲ್ಲವೆ ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿ. ಅಲ್ಲಿ ಮೊದಲೇ ಸಿದ್ಧವಾಗಿರುವ ಮಾದರಿಯೊಂದರಲ್ಲಿ ಹೆಸರನ್ನೂ ಮೊಬಲಗನ್ನೂ ಬದಲಾಯಿಸಿ ಹತ್ತು ನಿಮಿಷದಲ್ಲಿ ಮುದ್ರಿಸಿ ಕೊಡುತ್ತಾರೆ. ಆ ಮಾದರಿಯನ್ನು ಬರೆದವರು ಯಾರೋ, ಯಾವ ಊರಿನ ಯಾವ ಮನೆಗಾಗಿ ಬರೆದರೋ, ಭಗವಂತನೇ ಬಲ್ಲ.

ಕೇಳಬೇಕಾದುದನ್ನು ಕೇಳದಿರುವುದಕ್ಕೆ ಅಜ್ಞಾನಕ್ಕಿಂತ ದಾಕ್ಷಿಣ್ಯವೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ. ಮಂಡ್ಯದ ಸೀಮೆಯ ಮನೆಯ ಯಜಮಾನ ಸಾಮಾನ್ಯವಾಗಿ ಉದಾರಿ. ಹೊಸದಾಗಿ ಬಂದವರಿಗೆ ಕಾಫಿ ಕೊಟ್ಟು, ಹಿತ್ತಲಿನ ತೆಂಗಿನಕಾಯಿ ಎರಡು ಕೈಗಿತ್ತು, “ನಮ್ಮನೆ ನಿಮ್ಮನೆ ಬ್ಯಾರೆನಾ ಮೇಷ್ಟ್ರೇ, ಬರ್ಕೊಳೋದೇನೈತೆ” ಎನ್ನುತ್ತಾನೆ. ಆ ಮಾತಿನಲ್ಲಿ ಕಪಟವಿರುವುದಿಲ್ಲ. ಆದರೆ ಆ ಯಜಮಾನನಿಗೆ ಮೂವರು ಮಕ್ಕಳಿದ್ದು, ಆತನ ತರುವಾಯ ಅವರು ಪಾಲು ಮಾಡಿಕೊಳ್ಳುವ ಕಾಲಕ್ಕೆ ಆ ಸೌಜನ್ಯವು ಯಾರ ಪಾಲಿಗೂ ಬರುವುದಿಲ್ಲವಷ್ಟೆ. ಆದಕಾರಣ ಪ್ರಶ್ನೆ ಕೇಳುವುದು ಎದುರಿನವನ ಪ್ರಾಮಾಣಿಕತೆಯನ್ನು ಶಂಕಿಸಿದಂತೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ರುಜುವಿಗೆ ಮುಂಚಿನ ಆ ಅರ್ಧ ಗಂಟೆಯಲ್ಲಿ ಇಬ್ಬರೂ ಸಮಾನರು. ಮುಂಗಡದ ಹಣ ಕೈಬದಲಾದ ಮರುಕ್ಷಣದಿಂದ ಆ ಸಮಾನತೆ ಉಳಿಯದು.

ಮೊದಲನೆಯ ಪ್ರಶ್ನೆ ಒಡೆತನದ್ದು. ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಮುಂಬಯಿಗೆ ವಲಸೆ ಹೋದ ಕುಟುಂಬಗಳು ಅಸಂಖ್ಯಾತ. 2020ರ ಮಹಾಮಾರಿಯ ಕಾಲದಲ್ಲಿ ಅವರು ತಂಡತಂಡವಾಗಿ ಊರಿಗೆ ಮರಳಿದಾಗಲೇ ಹೊರಗಿನವರಿಗೆ ಅವರ ಸಂಖ್ಯೆಯ ಅರಿವಾದದ್ದು. ಅವರು ಅಲ್ಲಿ ದುಡಿದ ಹಣದಲ್ಲಿ ಇಲ್ಲಿ ಕಟ್ಟಿಸಿದ ಮನೆಗಳನ್ನು ಬಾಡಿಗೆಗೆ ಕೊಡುವವರು ತಮ್ಮಂದಿರು, ಷಡ್ಡಕರು, ಇಲ್ಲವೆ ಎದುರುಮನೆಯವರು. ಅವರ ಕೈಗೆ ಹಣ ಕೊಡುವ ಮುನ್ನ, ನಿಮಗೆ ಬಾಡಿಗೆಗೆ ಕೊಡುವ ಅಧಿಕಾರಪತ್ರವುಂಟೇ ಎಂದು ಕೇಳತಕ್ಕದ್ದು. ಇಲ್ಲವಾದಲ್ಲಿ ಮಾಲೀಕನ ಬ್ಯಾಂಕು ಖಾತೆಗೇ ನೇರವಾಗಿ ಮುಂಗಡವನ್ನು ಕಟ್ಟಿ, ಅವನಿಂದಲೇ ರುಜು ತರಿಸಿಕೊಳ್ಳುವುದು ಲೇಸು. ಪುರಸಭೆಯ ವ್ಯಾಪ್ತಿಯ ಮನೆಯಾದರೆ ಇ-ಖಾತೆಯನ್ನೂ, ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತಿನ ನಮೂನೆಯನ್ನೂ ತೋರಿಸಿರೆಂದು ಕೇಳಿದರೆ ಯಾವ ಮರ್ಯಾದಸ್ಥನೂ ಕೋಪಿಸಿಕೊಳ್ಳಲಾರ. ಬೆಳ್ಳೂರು ಕ್ರಾಸಿನಂತೆ ಹೆದ್ದಾರಿಯ ಪಕ್ಕದಲ್ಲಿ ಬಹುಬೇಗ ಬೆಳೆದ ಊರುಗಳಲ್ಲಿ ಈ ಕಾಗದಗಳನ್ನು ನೋಡುವ ಅಗತ್ಯ ಇನ್ನೂ ಹೆಚ್ಚು.

ಇನ್ನು ಭೋಗ್ಯದ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಈ ಸೀಮೆಯ ಮಧ್ಯಮವರ್ಗದ ಕುಟುಂಬಗಳ ಅಳಿದುಳಿದ ಉಳಿತಾಯವೆಲ್ಲ ಇದರಲ್ಲಿಯೇ ತೊಡಗಿರುತ್ತದೆ. ಮೂರು ವರ್ಷಕ್ಕೆಂದು ನಾಲ್ಕೋ ಐದೋ ಲಕ್ಷ ರೂಪಾಯಿಗಳನ್ನು ಒಂದೇ ಗಂಟಿನಲ್ಲಿ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿ ವಾಸಿಸಿ, ಅವಧಿ ತೀರಿದ ಮೇಲೆ ಪೂರ್ಣ ಹಣವನ್ನು ಹಿಂದಕ್ಕೆ ಪಡೆಯುವ ಈ ಕ್ರಮವನ್ನು ಕೆಲವರು ಲೀಸೆಂದೂ ಕರೆಯುತ್ತಾರೆ. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಮೇಲುನೋಟಕ್ಕೆ ಇದಕ್ಕಿಂತ ಸರಳವಾದ ಒಪ್ಪಂದ ಬೇರೊಂದಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಮನೆಯೊಡೆಯನು ಇಲ್ಲಿ ಸಾಲಗಾರ, ಮನೆಯಲ್ಲಿರುವವನು ಸಾಲ ಕೊಟ್ಟವನು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಇದನ್ನು ಸ್ವಾಧೀನಸಹಿತವಾದ ಅಡಮಾನವೆಂದು ಪರಿಗಣಿಸುತ್ತದೆ; ಅಡಮಾನದ ಮೊಬಲಗು 100 ರೂಪಾಯಿಗಳಾಗಿದ್ದರೂ ಸರಿಯೆ, ಅದಕ್ಕೆ ನೋಂದಾಯಿತ ಪತ್ರ ಬೇಕು, ಅಡಮಾನ ಮಾಡಿದವನ ರುಜು ಬೇಕು, ಇಬ್ಬರು ಸಾಕ್ಷಿಗಳು ಬೇಕು ಎಂದು 59ನೆಯ ಪ್ರಕರಣ ವಿಧಿಸುತ್ತದೆ. ನಮ್ಮವರೋ ಐದು ಲಕ್ಷವನ್ನು ಟೈಪಿಂಗ್ ಅಂಗಡಿಯ 11 ತಿಂಗಳ ಮಾದರಿಯ ಮೇಲೆ ಕೊಟ್ಟು, ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಅದು ಭದ್ರವಾಯಿತೆಂದು ನೆಮ್ಮದಿಯಿಂದ ನಿದ್ರಿಸುತ್ತಾರೆ. ನೋಟರಿಯ ಮೊಹರು ನೋಂದಣಿಯಲ್ಲ. ಇದನ್ನು ಎಷ್ಟು ಸಾರಿ ಹೇಳಿದರೂ ಹೆಚ್ಚಾಗದು.

ಭೋಗ್ಯಕ್ಕೆ ಕೊಡುವವನಿಗೆ ಹಣದ ಅವಸರವಿರುತ್ತದೆ ಎಂಬುದನ್ನು ಹಣ ಕೊಡುವವನು ಒಂದು ನಿಮಿಷವಾದರೂ ಆಲೋಚಿಸಬೇಡವೇ? ಮಗಳ ಮದುವೆಯೋ, ಕೊಳವೆಬಾವಿಯೋ, ಹಳೆಯ ಸಾಲವೋ, ಯಾವುದೋ ಒತ್ತಡವಿಲ್ಲದೆ ಯಾರೂ ತಿಂಗಳ ಬಾಡಿಗೆಯನ್ನು ಬಿಟ್ಟು ಗಂಟನ್ನು ಬಯಸುವುದಿಲ್ಲ. ಆ ಗಂಟು ಕರಗಿಹೋಗುತ್ತದೆ. ಮೂರು ವರ್ಷದ ತರುವಾಯ ಹಣ ಕೇಳಿದರೆ, ಮುಂದಿನ ಭೋಗ್ಯದಾರ ಸಿಕ್ಕಿದಾಗ ಅವನಿಂದ ತೆಗೆದುಕೊಂಡು ಕೊಡುತ್ತೇನೆ ಎಂಬ ಉತ್ತರ ಬರುತ್ತದೆ. ಇದು ಮೋಸವಲ್ಲ, ಆ ವ್ಯವಸ್ಥೆಯ ಸ್ವಭಾವವೇ ಹಾಗೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಈ ಮನೆಯ ಮೇಲೆ ಬ್ಯಾಂಕಿನ ಸಾಲವುಂಟೇ? ಬಾಯಿಮಾತಿನ ಉತ್ತರ ಸಾಲದು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿಯೋ, ಸರ್ಕಾರದ ಕಾವೇರಿ ಜಾಲತಾಣದಲ್ಲಿಯೋ ಆ ಸ್ವತ್ತಿನ ಋಣಭಾರ ಪತ್ರವನ್ನು ತೆಗೆಸಿ ನೋಡಬೇಕು. ನೋಂದಾಯಿತವಾದ ಅಡಮಾನಗಳೂ ಹಿಂದಿನ ಭೋಗ್ಯಗಳೂ ಅದರಲ್ಲಿ ಕಾಣಸಿಗುತ್ತವೆ. ಮೂಲ ಕ್ರಯಪತ್ರವನ್ನೇ ತೋರಿಸಿರೆಂದು ಕೇಳುವುದೂ ಒಂದು ಉಪಾಯ, ಏಕೆಂದರೆ ಮೂಲಪತ್ರವನ್ನು ಒಪ್ಪಿಸಿ ಮಾಡಿದ ಸಾಲದಲ್ಲಿ ಆ ಪತ್ರವು ಮನೆಯ ಬೀರುವಿನಲ್ಲಿ ಇರದೆ ಬ್ಯಾಂಕಿನಲ್ಲಿ ಇರುತ್ತದೆ. ಸಾಲದ ಕಂತು ತಪ್ಪಿದ ಮನೆಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯಿದೆಯ ಮೇರೆಗೆ ನೇರವಾಗಿ ವಶಪಡಿಸಿಕೊಳ್ಳಬಲ್ಲವು. ನೋಂದಣಿಯಿಲ್ಲದ ಕರಾರನ್ನೋ ಬಾಯಿಮಾತನ್ನೋ ಹಿಡಿದು ನಿಂತ ಬಾಡಿಗೆದಾರನು ಅಂಥ ಸಂದರ್ಭದಲ್ಲಿ ಒಂದು ವರ್ಷಕ್ಕೆ ಮೀರಿದ ಹಕ್ಕನ್ನು ಸಾಧಿಸಲಾರನೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಮಾನಿಸಿದೆ. ಸಾಲವಿರುವ ಮನೆಗೆ ಭೋಗ್ಯದ ಹಣ ಕೊಡಬಾರದು. ನೋಂದಣಿಗೆ ಒಪ್ಪದವನ ಮನೆಗೂ ಕೊಡಬಾರದು. ಈ ಎರಡು ವಿಷಯಗಳಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ತಿಂಗಳ ಬಾಡಿಗೆಯ ಮನೆಗೆ ಬಂದರೆ, ಎಲ್ಲ ಕರಾರುಗಳೂ 11 ತಿಂಗಳಿಗೇ ಏಕೆ ಎಂಬುದು ಅನೇಕರಿಗೆ ತಿಳಿಯದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು ಕಾಯಿದೆ ಹೇಳುವುದರಿಂದ, ಆ ಖರ್ಚನ್ನೂ ಅಲೆದಾಟವನ್ನೂ ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಹನ್ನೆರಡನೆಯ ತಿಂಗಳು ಏನಾಗುತ್ತದೆ? ಬಾಡಿಗೆದಾರನು ಉಳಿದು, ಮಾಲೀಕನು ಬಾಡಿಗೆ ಸ್ವೀಕರಿಸುತ್ತ ಹೋದರೆ, ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗಿ ಮಾರ್ಪಡುತ್ತದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದನ್ನು ಮುಗಿಸಲು 15 ದಿನಗಳ ನೋಟೀಸು ಸಾಕೆಂದು ಅದೇ 1882ರ ಕಾಯಿದೆಯ 106ನೆಯ ಪ್ರಕರಣದಲ್ಲಿದೆ. ಜನವರಿಯ ನಡುವೆ, ಮಗ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವಾಗ, 15 ದಿನದಲ್ಲಿ ಮನೆ ಖಾಲಿ ಮಾಡಬೇಕಾದ ಉಪಾಧ್ಯಾಯರ ಪಾಡನ್ನು ಊಹಿಸಿಕೊಳ್ಳಿ. ನೋಟೀಸಿನ ಅವಧಿ ಎರಡು ತಿಂಗಳೋ ಮೂರು ತಿಂಗಳೋ, ಮುಂದುವರಿಸಿದರೆ ಬಾಡಿಗೆ ಎಷ್ಟು ಏರುವುದು, ನಡುವೆ ವರ್ಗವಾದರೆ ಅವಧಿಗೆ ಮುನ್ನ ಬಿಟ್ಟುಹೋಗಬಹುದೇ, ಎಂಬುವುಗಳನ್ನು ಕೇಳಿ ಬರೆಸಿಕೊಂಡಲ್ಲಿ ಇಬ್ಬರಿಗೂ ಕ್ಷೇಮ. ಬಾಡಿಗೆ ನಿಯಂತ್ರಣದ ಕಾನೂನು ನಮ್ಮನ್ನು ಕಾಯುತ್ತದೆ ಎಂದು ನಂಬಿ ಕೂರುವಂತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿಟ್ಟಿದೆ. ಇಂದಿನ ದಿನಗಳಲ್ಲಿ ಆ ಮಿತಿಯೊಳಗೆ ದನದ ಕೊಟ್ಟಿಗೆಯಾದರೂ ದೊರೆತೀತೇ? ಆದಕಾರಣ ಬಾಡಿಗೆದಾರನಿಗೂ ಮಾಲೀಕನಿಗೂ ನಡುವೆ ಉಳಿಯುವುದು 1882ರ ಹಳೆಯ ಕಾಯಿದೆ, ಮತ್ತು ಅವರು ರುಜು ಹಾಕಿದ ಕಾಗದ. ಆ ಕಾಯಿದೆಯೂ ಅನೇಕ ಕಡೆ, ಬೇರೆ ಕರಾರು ಇಲ್ಲದಿದ್ದಲ್ಲಿ ಮಾತ್ರ ತನ್ನ ಮಾತು ನಡೆಯುವುದೆಂದು ಹೇಳಿ ಹಿಂದೆ ಸರಿಯುತ್ತದೆ.

ಮುಂಗಡದ ಹಣದ ಬಗ್ಗೆ ಜಗಳವಾಗುವುದು ಬರುವಾಗ ಅಲ್ಲ, ಹೋಗುವಾಗ. ಬೆಂಗಳೂರಿನ ಹತ್ತು ತಿಂಗಳ ಪದ್ಧತಿ ಇತ್ತ ಕಡೆಗೂ ಹಬ್ಬುತ್ತಿದೆ. ಕೇಂದ್ರ ಸಚಿವ ಸಂಪುಟವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡವನ್ನಷ್ಟೆ ಮಿತಿಯಾಗಿ ಹೇಳಿದ್ದರೂ, ರಾಜ್ಯಗಳು ಅಂಗೀಕರಿಸಿದ ಹೊರತು ಅದು ಬರಿಯ ಮಾದರಿ. ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವ ವಾಡಿಕೆ ನಾಲ್ಕು ಊರುಗಳಲ್ಲಿಯೂ ಉಂಟು. ಹಾಗೆ ಬರೆದು ಒಪ್ಪಿಕೊಂಡಿದ್ದರೆ ಸರಿ. ಬರೆಯದಿದ್ದಲ್ಲಿ, ಸಹಜವಾದ ಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರನು ಹೊಣೆಯಲ್ಲವೆಂದೇ 1882ರ ಕಾಯಿದೆಯ ಧೋರಣೆ. ನಾಲ್ಕು ವರ್ಷದ ಅಡಿಗೆಯ ಹೊಗೆಗೆ ಗೋಡೆ ಮಾಸಿದರೆ ಅದು ಸವೆತ. ಮೊಳೆ ಹೊಡೆದು ಗಾರೆ ಉದುರಿಸಿದರೆ ಅದು ಹಾನಿ. ಬರುವ ದಿನವೇ ಮೊಬೈಲಿನಲ್ಲಿ ಪ್ರತಿ ಕೋಣೆಯ ಚಿತ್ರ ತೆಗೆದು ಮಾಲೀಕನಿಗೂ ಕಳುಹಿಸಿಬಿಟ್ಟರೆ ಮುಂದಿನ ವಾದಕ್ಕೆ ಆಸ್ಪದವಿರುವುದಿಲ್ಲ. ಮನೆ ಮಾರಾಟವಾದರೆ ಮುಂಗಡವನ್ನು ಯಾರಿಂದ ಪಡೆಯಬೇಕೆಂಬುದನ್ನೂ ಕೇಳಿಡಬೇಕು, ಏಕೆಂದರೆ ಕೊಂಡವನು ಬಾಡಿಗೆ ಕೇಳಲು ಮೊದಲ ತಿಂಗಳೇ ಬರುತ್ತಾನೆ, ಮುಂಗಡ ಕೇಳಿದರೆ ಅದು ನನ್ನ ಕೈಗೆ ಬಂದಿಲ್ಲವೆನ್ನುತ್ತಾನೆ.

ವಿದ್ಯುತ್ತಿನ ಮೀಟರಿನ ಪ್ರಶ್ನೆ ಈಚಿನದು, ಆದರೆ ತಿಂಗಳು ತಿಂಗಳೂ ಕಾಡುವಂಥದು. 2023ರಲ್ಲಿ ಜಾರಿಗೆ ಬಂದ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಸೌಲಭ್ಯವುಂಟು. ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ಟಿನ ಗರಿಷ್ಠ ಮಿತಿಯೊಳಗೆ ಬಿಲ್ಲು ಇಲ್ಲ, 200 ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಮನೆಗಳಂತೆ ಹಜಾರದ ನಡುವೆ ಗೋಡೆಯೆಬ್ಬಿಸಿ ಎರಡು ಸಂಸಾರ ಮಾಡಿರುವ ಕಡೆ ಮೀಟರು ಒಂದೇ ಇದ್ದರೆ, ಇಬ್ಬರ ಬಳಕೆ ಸೇರಿ ಮಿತಿ ದಾಟಿ, ಇಬ್ಬರಿಗೂ ಸೌಲಭ್ಯ ತಪ್ಪುತ್ತದೆ. ನಮ್ಮ ಭಾಗಕ್ಕೆ ಪ್ರತ್ಯೇಕ ಮೀಟರು ಉಂಟೇ, ಹಿಂದಿನ ಬಾಡಿಗೆದಾರನ ಆಧಾರ್ ಜೋಡಣೆಯನ್ನು ತೆಗೆಸಿದೆಯೇ, ಹಳೆಯ ಬಾಕಿ ಇದೆಯೇ ಎಂದು ಕೇಳಿ, ವಿದ್ಯುತ್ ಸರಬರಾಜು ಸಂಸ್ಥೆಯಾದ ಸೆಸ್ಕ್‌ನ ಕಳೆದ ತಿಂಗಳ ಬಿಲ್ಲನ್ನು ಕಣ್ಣಾರೆ ನೋಡಬೇಕು. ನೀರಿನ ಬಗ್ಗೆ ಮಾಲೀಕನನ್ನು ಕೇಳುವುದಕ್ಕಿಂತ ಪಕ್ಕದ ಮನೆಯ ಗೃಹಿಣಿಯನ್ನು ಕೇಳುವುದು ಉತ್ತಮ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಸಂಪಿನ ಪಂಪಿಗೆ ಕರೆಂಟಿನ ಖರ್ಚು ಯಾರದು, ಏಪ್ರಿಲಿನಲ್ಲಿ ಟ್ಯಾಂಕರು ತರಿಸಿದ್ದರೇ, ಎಂಬುದನ್ನು ಆಕೆ ಎರಡೇ ಮಾತಿನಲ್ಲಿ ತಿಳಿಸಿಬಿಡುವಳು. ಕಾಲುವೆಯ ಸೆರಗಿನ ಪಾಂಡವಪುರಕ್ಕೂ ಮಳೆಯನ್ನೇ ನೆಚ್ಚಿದ ನಾಗಮಂಗಲದ ಎತ್ತರದ ನೆಲಕ್ಕೂ ಈ ವಿಷಯದಲ್ಲಿ ಅಜಗಜಾಂತರವುಂಟು.

ಶ್ರೀರಂಗಪಟ್ಟಣದಲ್ಲಿ ಮನೆ ಹಿಡಿಯುವವರು ಇನ್ನೆರಡನ್ನು ವಿಶೇಷವಾಗಿ ವಿಚಾರಿಸಬೇಕು. ಒಂದು, ನದಿಯ ವಿಷಯ. ಕೃಷ್ಣರಾಜಸಾಗರವು 124.80 ಅಡಿ ತುಂಬಿ, ಮೇಲಿನಿಂದ ನೀರು ರಭಸವಾಗಿ ಬರತೊಡಗಿದಾಗ ಅಣೆಕಟ್ಟಿನ ಬಾಗಿಲುಗಳನ್ನು ತೆರೆಯುತ್ತಾರೆ. ವೆಲ್ಲೆಸ್ಲಿ ಸೇತುವೆಯ ಮೇಲೆ ನೀರು ಹರಿದ ವರ್ಷಗಳು ಜನರ ನೆನಪಿನಲ್ಲಿ ಹಸಿರಾಗಿವೆ. ಹೊಳೆಯ ದಡದ ತಂಪಾದ ಮನೆಯನ್ನು ಮಾರ್ಚಿಯಲ್ಲಿ ನೋಡಿ ಮನಸೋಲುವವನು, ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನು ಕೇಳತಕ್ಕದ್ದು. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಸಿಗದ, ತನಗೆ ತಿಳಿದಿರುವ ಮುಖ್ಯ ದೋಷಗಳನ್ನು ಮಾಲೀಕನು ತಾನಾಗಿಯೇ ತಿಳಿಸಬೇಕೆಂದು 1882ರ ಕಾಯಿದೆಯ 108ನೆಯ ಪ್ರಕರಣ ಹೇಳುತ್ತದೆ ನಿಜ. ಕೇಳಿದವನಿಗೆ ಉತ್ತರ ಬೇಗ ಸಿಗುತ್ತದೆ ಎಂಬುದೂ ಅಷ್ಟೇ ನಿಜ. ಎರಡನೆಯದು, ಸ್ಮಾರಕಗಳದ್ದು. ರಂಗನಾಥಸ್ವಾಮಿಯ ದೇವಸ್ಥಾನ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್ ಮೊದಲಾದುವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ, ಅವುಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರು ನಿಯಂತ್ರಿತ. ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಹಿತ್ತಲಿನಲ್ಲಿ ಶೀಟು ಹಾಕಿಸಿ ಹೋಟೆಲು ನಡೆಸಬಹುದು ಎಂಬ ಮಾಲೀಕನ ಭರವಸೆಯನ್ನು ನಂಬಿ ಹಣ ಹೂಡಿದವನಿಗೆ ನೋಟೀಸು ಬರುವುದು ಇಲಾಖೆಯಿಂದ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು, ಕಿಕ್ಕೇರಿಗಳ ಗುಡಿಗಳ ಸುತ್ತಲಿನ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ದುರಸ್ತಿಯ ಹೊಣೆಯ ಬಗ್ಗೆ ಒಂದೇ ಮಾತು: ದೊಡ್ಡದು ಯಾರದು, ಸಣ್ಣದು ಯಾರದು ಎಂದು ಬರೆಸಿ. ಮಾಲೀಕನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದೆಂಬುದು ಅದೇ 108ರಲ್ಲಿರುವ, ಯಾರೂ ಉಪಯೋಗಿಸದ ಹಕ್ಕು.

ಮಳಿಗೆಗಳದು ಬೇರೆಯೇ ಪ್ರಪಂಚ. ಪುರಸಭೆಯ ಮಳಿಗೆಯನ್ನು ಹರಾಜಿನಲ್ಲಿ ಹಿಡಿದವರು ಒಬ್ಬರು, ಅಲ್ಲಿ ವ್ಯಾಪಾರ ಮಾಡುತ್ತಿರುವವರು ಇನ್ನೊಬ್ಬರು, ಎಂಬುದು ಯಾವ ಸಣ್ಣ ಊರಿಗೂ ಹೊಸದಲ್ಲ. ಒಳಬಾಡಿಗೆಗೆ ಬಂದವನು ಲಕ್ಷಗಟ್ಟಲೆ ಪಗಡಿ ಕೊಟ್ಟು, ಮರದ ಕಪಾಟು ಮಾಡಿಸಿ ಕುಳಿತಿರುವಾಗ, ಪುರಸಭೆಯು ಅವಧಿ ಮುಗಿಯಿತೆಂದು ಮರುಹರಾಜು ಕೂಗಿದರೆ, ಅವನ ಹೆಸರು ಯಾವ ಕಡತದಲ್ಲಿಯೂ ಇರುವುದಿಲ್ಲ. ಮೂಲ ಹಂಚಿಕೆಪತ್ರ ಯಾರ ಹೆಸರಿನಲ್ಲಿದೆ, ಎಲ್ಲಿಯವರೆಗೆ ಇದೆ, ಒಳಬಾಡಿಗೆಗೆ ಅವಕಾಶವಿದೆಯೇ, ಎಂದು ಕೇಳದೆ ಪಗಡಿ ಕೊಡುವುದು ಸಾಹಸ. ಶ್ರೀರಂಗಪಟ್ಟಣದ ಹಳೆಯ ಹೆದ್ದಾರಿಯ ಬದಿಯ ಅಂಗಡಿಗಳನ್ನು ಹಿಡಿಯುವವರು, 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಊರನ್ನು ಬಳಸಿ ಹೋಗುತ್ತಿರುವುದನ್ನು ಗಮನದಲ್ಲಿಟ್ಟು, ಕೇಳಿದ ಬಾಡಿಗೆ ಹಳೆಯ ದಟ್ಟಣೆಯ ಕಾಲದ್ದೋ ಇಂದಿನ ಕಾಲದ್ದೋ ಎಂದು ಲೆಕ್ಕ ಹಾಕಲಿ.

ಹೊಲಗದ್ದೆಗಳ ಗುತ್ತಿಗೆಯನ್ನು ಮರೆತು ಮಂಡ್ಯ ಜಿಲ್ಲೆಯಲ್ಲಿ ಗುತ್ತಿಗೆಯ ಬಗ್ಗೆ ಬರೆಯುವುದು ಸಾಧ್ಯವೇ ಇಲ್ಲ. ಮತ್ತು ಈ ವಿಷಯದಲ್ಲಿ ಅತ್ಯಂತ ಅಹಿತವಾದ ಸತ್ಯವೊಂದನ್ನು ಹೇಳಬೇಕಾಗಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯು 1974ರ ಮಾರ್ಚಿ 1ರಿಂದ ಜಾರಿಗೆ ಬಂದು, ಗೇಣಿಯ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರು ಒಡೆಯರಾದರು. ಅದರ ಜೊತೆಗೆ, ಸೈನಿಕರು, ನಾವಿಕರು ಮುಂತಾದ ಕೆಲವರನ್ನುಳಿದು ಬೇರಾರೂ ವ್ಯವಸಾಯದ ಜಮೀನನ್ನು ಗೇಣಿಗೆ ಕೊಡಕೂಡದೆಂದು 5ನೆಯ ಪ್ರಕರಣ ನಿಷೇಧಿಸಿತು. ಕಾನೂನಿನ ಪುಸ್ತಕದಲ್ಲಿ ಹೀಗಿದ್ದರೂ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎಕರೆಗೆ ಇಷ್ಟೆಂದು ಗುತ್ತಿಗೆಗೂ, ಬೆಳೆಯ ಪಾಲಿಗೆಂದು ವಾರಕ್ಕೂ ಜಮೀನು ಮಾಡುವವರು ಊರೂರಿನಲ್ಲಿದ್ದಾರೆ. ಅಂದಿನ ಭೀತಿ ಒಡೆಯರ ಮನಸ್ಸಿನಲ್ಲಿ ಇನ್ನೂ ಆರಿಲ್ಲವಾದುದರಿಂದ ಯಾರೂ ಕಾಗದ ಬರೆಯುವುದಿಲ್ಲ. ಪಹಣಿಯ 9ನೆಯ ಕಾಲಮ್ಮಿನಲ್ಲಿಯೂ ಒಡೆಯನ ಹೆಸರು, 12ನೆಯ ಕಾಲಮ್ಮಿನಲ್ಲಿ ಸಾಗುವಳಿದಾರನೆಂದೂ ಅವನದೇ ಹೆಸರು. ಹೀಗಾಗಿ ಉತ್ತವನಿಗೆ ಬೆಳೆಸಾಲವಿಲ್ಲ, ಬೆಳೆ ಹಾಳಾದರೆ ಪರಿಹಾರವು ಒಡೆಯನ ಖಾತೆಗೆ, ಬೆಂಬಲ ಬೆಲೆಗೆ ಭತ್ತವನ್ನೋ ರಾಗಿಯನ್ನೋ ಮಾರಬೇಕಾದರೂ ಒಡೆಯನ ಫ್ರೂಟ್ಸ್ ಎಂಬ ರೈತ ನೋಂದಣಿಯ ಸಂಖ್ಯೆಯನ್ನೇ ಬೇಡಬೇಕು.

ಇಲ್ಲಿ ರುಜುವಿನ ಮಾತೇ ಇಲ್ಲದಿರುವುದರಿಂದ ಪ್ರಶ್ನೆಗಳು ಇನ್ನೂ ಅವಶ್ಯ. ಕಬ್ಬಿನ ಗದ್ದೆಯಾದರೆ ಕೂಳೆ ಯಾರದು? ನಾಟಿಯ ಕಬ್ಬನ್ನು ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಬೆಳೆಗೆ ಬಿತ್ತನೆಯ ಖರ್ಚಿಲ್ಲ, ಲಾಭವಿರುವುದೇ ಅದರಲ್ಲಿ. ವರ್ಷಕ್ಕೆಂದು ಗುತ್ತಿಗೆ ಹಿಡಿದು, ಬಿತ್ತನೆಗೂ ಗೊಬ್ಬರಕ್ಕೂ ಹಣ ಸುರಿದವನು, ಕೂಳೆಯ ಹೊತ್ತಿಗೆ ಜಮೀನು ಬಿಡಬೇಕಾಗಿ ಬಂದರೆ ದುಡಿಮೆ ಇವನದು, ಲಾಭ ಒಡೆಯನದು. ನಾಲೆಯಲ್ಲಿ ನೀರು ಬಿಡದಿದ್ದರೆ ಗುತ್ತಿಗೆ ಹಣ ಪೂರ್ತಿ ಕೊಡಬೇಕೋ ಅರ್ಧವೋ? 2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬದೆ ಹೋದಾಗ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿರದವರಿಗೆ ಉತ್ತರ ಹೇಳುವವರೇ ಇರಲಿಲ್ಲ. ಇನ್ನೊಂದು ಪ್ರಶ್ನೆಯನ್ನಂತೂ ಯಾವ ಕಾರಣಕ್ಕೂ ಬಿಡಕೂಡದು: ಈ ಜಮೀನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? 1978ರ ಪಿ.ಟಿ.ಸಿ.ಎಲ್. ಕಾಯಿದೆಯು ಅಂಥ ಜಮೀನಿನ ಪರಭಾರೆಯನ್ನು ತಡೆಯುವಾಗ, ಮಾರಾಟದ ಜೊತೆಗೆ ಅಡಮಾನವನ್ನೂ ಗುತ್ತಿಗೆಯನ್ನೂ ಪರಭಾರೆಯೊಳಗೇ ಸೇರಿಸಿದೆ. ನೀತಿ ಆಯೋಗವು 2016ರಲ್ಲಿ ವ್ಯವಸಾಯದ ಗುತ್ತಿಗೆಗೆ ಒಂದು ಮಾದರಿ ಕಾಯಿದೆಯನ್ನು ಮುಂದಿಟ್ಟಿತು; ಒಡೆಯನ ಹಕ್ಕು ಕೆಡದಂತೆ, ಉತ್ತವನಿಗೆ ಸಾಲವೂ ವಿಮೆಯೂ ದೊರೆಯುವಂತೆ ಬರೆವಣಿಗೆಯ ಗುತ್ತಿಗೆಗೆ ದಾರಿ ತೆರೆಯಬೇಕೆಂಬುದು ಅದರ ಆಶಯ. 1974ರ ಸುಧಾರಣೆಯ ಔನ್ನತ್ಯವನ್ನು ಮನಃಪೂರ್ವಕವಾಗಿ ಒಪ್ಪುತ್ತಲೇ, ಇಂದು ಆ ನಿಷೇಧದ ಭಾರವನ್ನು ಹೊರುತ್ತಿರುವವನು ಭೂಹೀನನಾದ ಸಾಗುವಳಿದಾರನೇ ಎಂಬುದನ್ನು ಶಾಸಕರು ಪರ್ಯಾಲೋಚಿಸಬೇಕಾಗಿದೆ.

ಆಲೆಮನೆಯ ಗುತ್ತಿಗೆ ಹೀಗಲ್ಲ. ಅದು ಜಮೀನಿನ ಗೇಣಿಯಲ್ಲ, ತಯಾರಿಕೆಯ ಗುತ್ತಿಗೆ. ಪಾಂಡವಪುರದ ಸುತ್ತ ಆಲೆಮನೆಗಳನ್ನು ಹಿಡಿದು, ಉತ್ತರದೇಶದಿಂದ ಬಂದ ಕೆಲಸಗಾರರಿಂದ ಬೆಲ್ಲ ತೆಗೆಸುವವರು ಹಲವರು. ತಯಾರಿಕೆಯ ಉದ್ದೇಶದ ಗುತ್ತಿಗೆಯನ್ನು, ಬೇರೆ ಕರಾರಿಲ್ಲದಿದ್ದರೆ, ವರ್ಷದಿಂದ ವರ್ಷಕ್ಕೆ ಸಾಗುವುದೆಂದು ಭಾವಿಸಿ, ಬಿಡಿಸಲು ಆರು ತಿಂಗಳ ನೋಟೀಸು ಕೊಡಬೇಕೆಂದು 1882ರ ಕಾಯಿದೆಯಲ್ಲಿದೆ. ಗಾಣವೂ ಕೊಪ್ಪರಿಗೆಯೂ ಯಾರವು, ಒಲೆ ಕುಸಿದರೆ ಕಟ್ಟಿಸುವವರು ಯಾರು, ಗುತ್ತಿಗೆದಾರನು ತಂದು ಕೂರಿಸಿದ ಮೋಟಾರನ್ನು ಹೋಗುವಾಗ ಕಿತ್ತೊಯ್ಯಬಹುದೇ, ಎಂಬುವು ಇಲ್ಲಿನ ಪ್ರಶ್ನೆಗಳು.

ದೊಡ್ಡ ಪ್ರಮಾಣದಲ್ಲಿ ಇದೇ ಪ್ರಶ್ನೆಗಳು ಎದ್ದುದನ್ನು ಪಾಂಡವಪುರದವರು ಕಣ್ಣಾರೆ ಕಂಡಿದ್ದಾರೆ. ನಷ್ಟದಿಂದ ನಿಂತುಹೋಗಿದ್ದ ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಅವಧಿಗೆ ನಿರಾಣಿ ಶುಗರ್ಸ್ ಸಂಸ್ಥೆಗೆ ಗುತ್ತಿಗೆಗೆ ಕೊಡಲಾಯಿತು. ಆಲೆ ಮತ್ತೆ ತಿರುಗಿತು. 40 ವರ್ಷವೆಂದರೆ ಇಂದು ಕಬ್ಬು ಕಡಿಯುವ ಯುವಕನು ಮುದುಕನಾಗುವಷ್ಟು ಕಾಲ. ಹಳೆಯ ಬಾಕಿಯ ಹೊಣೆ ಯಾರದು, ಕಾರ್ಮಿಕರ ಗತಿಯೇನು, ಹೊಸದಾಗಿ ಕೂರಿಸಿದ ಯಂತ್ರಗಳು ಅವಧಿ ತೀರಿದಾಗ ಯಾರಿಗೆ, ಎಂಬ ಪ್ರಶ್ನೆಗಳನ್ನು ಸಹಕಾರಿ ಸಂಘದ ಷೇರುದಾರನಾದ ರೈತನು ಕೇಳುವುದು ಅಧಿಕಪ್ರಸಂಗವಲ್ಲ. ಕಾರ್ಖಾನೆಯ ಒಡೆತನದಲ್ಲಿ ಅವನೂ ಪಾಲುದಾರ.

ಇಷ್ಟನ್ನೆಲ್ಲ ಕೇಳಲು ವಕೀಲರಿಗೆ ಫೀಜು ತೆರಬೇಕಲ್ಲವೆ ಎಂದು ಹಿಂಜರಿಯುವವರಿಗೆ ಒಂದು ಸೂಚನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಊರುಗಳಲ್ಲಿ ನ್ಯಾಯಾಲಯಗಳಿವೆ, ಅವುಗಳೊಂದಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳೂ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರು ವರಮಾನದ ಮಿತಿಯಿಲ್ಲದೆಯೂ, ಉಳಿದವರು ನಿಗದಿಯಾದ ವರಮಾನದ ಮಿತಿಗೊಳಪಟ್ಟೂ ಉಚಿತವಾದ ನೆರವಿಗೆ ಅರ್ಹರು. ಮತ್ತು ಆ ನೆರವಿನಲ್ಲಿ ಮೊಕದ್ದಮೆ ನಡೆಸುವುದು ಮಾತ್ರವಲ್ಲದೆ ಸಲಹೆ ಕೊಡುವುದೂ ಸೇರಿದೆ. ಟೈಪಿಂಗ್ ಅಂಗಡಿಯಿಂದ ಕರಡನ್ನು ತೆಗೆದುಕೊಂಡು ಹಣ ಕೊಡುವ ಮುನ್ನ ಅಲ್ಲಿಗೆ ಒಯ್ದು ತೋರಿಸಿರಿ. ಮನೆಯ ಯಜಮಾನನನ್ನೂ ಜೊತೆಯಲ್ಲಿ ಕರೆದೊಯ್ದರೆ ಇನ್ನೂ ಒಳ್ಳೆಯದು.